ಕಡಲಿಗೆ ಎಷ್ಟು ಅರಗೀತು?

ಈ ಕಂತಿನ ಚಿತ್ರೀಕರಣದ ದಿನ ಸ್ಟುಡಿಯೋದ ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ ಇಟ್ಟಿದ್ದೆವು. ಬಣ್ಣದ ಮೀನು ಸಾಕುವವರ ಮನೆಯಲ್ಲಿ ಇರುತ್ತದಲ್ಲ, ಅಂಥದ್ದು. ತೊಟ್ಟಿಯ ತುಂಬ ತಿಳಿನೀರು. ಅದಕ್ಕೆ ಒಂದು ಹನಿ ನೀಲಿ ಶಾಯಿ ಬಿಟ್ಟೆವು. ಶಾಯಿ ಹೊಗೆಯ ಎಳೆಯಂತೆ ಕೆಳಗಿಳಿದು, ಹರಡಿ, ಸ್ವಲ್ಪ ಹೊತ್ತಿಗೆ ಕಾಣದಾಯಿತು. ದೀಪ ಹಿಡಿದಿದ್ದ ಹುಡುಗ, "ಎಲ್ಲಿ ಹೋಯ್ತು ಸಾರ್?" ಎಂದು ಕೇಳಿದ. ಅದು ಎಲ್ಲಿಗೂ ಹೋಗಿರಲಿಲ್ಲ. ಎರಡು, ಮೂರು, ನಾಲ್ಕು ಎಂದು ಹನಿಗಳು ಬೀಳುತ್ತಾ ಹೋದಂತೆ ನೀರಿಗೆ ತೆಳುವಾದ ನೀಲಿ ಏರಿತು. ಇಪ್ಪತ್ತನೆಯ ಹನಿಯ ಹೊತ್ತಿಗೆ ಕ್ಯಾಮೆರಾದವರು, "ಹಿಂದೆ ಕೂತವರ ಮುಖವೇ ಕಾಣುತ್ತಿಲ್ಲ, ನೀರು ಬದಲಾಯಿಸಿ" ಎಂದರು. ಬದಲಾಯಿಸಿದೆವು.

ಕಡಲಿನ ನೀರನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಹಾಗಾದರೆ ಎಷ್ಟನೆಯ ಹನಿಗೆ ಕೈ ನಿಲ್ಲಿಸಬೇಕು? ಊರಿನ ಕೊಳಚೆ, ಕಾರ್ಖಾನೆಯ ತ್ಯಾಜ್ಯ, ಹೊಲದಿಂದ ತೊಳೆದು ಬಂದ ರಸಗೊಬ್ಬರ ಎಲ್ಲವೂ ಕೊನೆಗೆ ಸೇರುವುದು ಕಡಲನ್ನೇ. ಅಪಾಯವಿಲ್ಲದೆ ಅದು ಎಷ್ಟನ್ನು ಅರಗಿಸಿಕೊಂಡೀತು ಎಂಬುದನ್ನು ಲೆಕ್ಕ ಹಾಕಿ ಮೊದಲೇ ಹೇಳಬಹುದೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದರಲ್ಲಿ ಜಾಣ ಲೆಕ್ಕಗಳಿವೆ, ಘೋರ ತಪ್ಪುಗಳಿವೆ, ಈಚೆಗೆ ಬಂದ ಒಂದು ಅನಿರೀಕ್ಷಿತ ತಿರುವೂ ಇದೆ. ಆ ಕಥೆಯನ್ನು ಇಲ್ಲಿ ನೋಡೋಣ.

ನದಿಯಿಂದ ಆರಂಭವಾದ ಲೆಕ್ಕ

ಕಥೆ ಕಡಲಿನಿಂದ ಅಲ್ಲ, ನದಿಯಿಂದ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳು ತಮ್ಮ ಕೊಳಚೆಯನ್ನು ನೇರವಾಗಿ ಹೊಳೆಗಳಿಗೆ ಬಿಡುತ್ತಿದ್ದವು. ಹೊಳೆಗಳು ನಾರತೊಡಗಿದವು. 1898ರಲ್ಲಿ ಅಲ್ಲಿನ ಸರ್ಕಾರ ಕೊಳಚೆ ವಿಲೇವಾರಿಯ ಬಗ್ಗೆ ಒಂದು ರಾಯಲ್ ಕಮಿಷನ್ ನೇಮಿಸಿತು. 1912ರಲ್ಲಿ ಬಂದ ಅದರ ಎಂಟನೆಯ ವರದಿ ಮುಂದೆ ಜಗತ್ಪ್ರಸಿದ್ಧವಾಯಿತು. ಕೊಳಚೆ ನೀರಿನಲ್ಲಿರುವ ಸಾವಯವ ವಸ್ತುವನ್ನು ಬ್ಯಾಕ್ಟೀರಿಯಾಗಳು ತಿನ್ನುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬುದನ್ನು ಐದು ದಿನಗಳ ಕಾಲ ಅಳೆಯುವ ಪರೀಕ್ಷೆಯನ್ನು ಅದು ಬಳಕೆಗೆ ತಂದಿತು. ನಿಮ್ಮ ಪಠ್ಯಪುಸ್ತಕದಲ್ಲಿ ಬಿ.ಓ.ಡಿ. ಎಂದು ಓದಿದ್ದೀರಲ್ಲ, ಅದೇ ಇದು. ಶುದ್ಧೀಕರಿಸಿದ ಕೊಳಚೆಯ ಬಿ.ಓ.ಡಿ. ಲೀಟರಿಗೆ 20 ಮಿಲಿಗ್ರಾಂ ಮತ್ತು ಅದರಲ್ಲಿ ತೇಲುವ ಕಣಗಳು 30 ಮಿಲಿಗ್ರಾಂ ಮೀರಬಾರದು ಎಂದು ವರದಿ ಸೂಚಿಸಿತು. ಅದನ್ನು ಸೇರಿಸಿಕೊಳ್ಳುವ ಹೊಳೆಯಲ್ಲಿ ಕನಿಷ್ಠ ಎಂಟು ಪಟ್ಟು ನೀರು ಇರಬೇಕು ಎಂಬ ಷರತ್ತೂ ಇತ್ತು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಹೊಳೆಯ ನೀರು ಕೊಳಚೆಗಿಂತ 500 ಪಟ್ಟಿಗೂ ಹೆಚ್ಚಿದ್ದರೆ ಈ ಪರೀಕ್ಷೆಗಳನ್ನೆಲ್ಲ ಬಿಡಬಹುದು, ದೊಡ್ಡ ಕಸವನ್ನಷ್ಟೇ ತಡೆದು ಕೊಳಚೆಯನ್ನು ಹಾಗೆಯೇ ಬಿಡಬಹುದು! ಹೊಳೆಗೇ ಹೀಗಾದರೆ ಕಡಲಿನ ಮಾತೇನು? ಅಲ್ಲಿ ನೀರು ಐನೂರು ಪಟ್ಟಲ್ಲ, ಕೋಟಿ ಪಟ್ಟು ಇದೆ. ಹೀಗೆ "ತೆಳುವಾದರೆ ಸಾಕು" ಎಂಬ ನಂಬಿಕೆ ಎಂಜಿನಿಯರುಗಳ ಮನಸ್ಸಿನಲ್ಲಿ ಬೇರೂರಿತು.

1925ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ಹೆರಾಲ್ಡ್ ಸ್ಟ್ರೀಟರ್ ಮತ್ತು ಅರ್ಲ್ ಫೆಲ್ಪ್ಸ್ ಓಹಾಯೋ ನದಿಯ ಅಧ್ಯಯನದಿಂದ ಒಂದು ಸಮೀಕರಣ ರೂಪಿಸಿದರು. ಕೊಳಚೆ ಸೇರಿದ ಜಾಗದಿಂದ ಕೆಳಕ್ಕೆ ಎರಡು ಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ. ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಗಾಳಿಯಿಂದ ಹೊಸ ಆಮ್ಲಜನಕ ನೀರಿಗೆ ಇಳಿಯುತ್ತದೆ. ಮೊದಲು ಖರ್ಚು ಮುಂದಾಗುತ್ತದೆ, ಆಮೇಲೆ ಜಮೆ ಮುಂದಾಗುತ್ತದೆ. ಇದನ್ನು ನಕ್ಷೆಯಲ್ಲಿ ಬರೆದರೆ, ಬಟ್ಟೆ ಒಣಹಾಕಿದ ಹಗ್ಗ ನಡುವೆ ಜೋತು ಬೀಳುತ್ತದಲ್ಲ, ಅಂಥ ರೇಖೆ ಬರುತ್ತದೆ. ಹಗ್ಗದ ಅತಿ ತಗ್ಗಿನ ಜಾಗದಲ್ಲಿ ಮೀನು ಉಸಿರಾಡಲು ಸಾಕಷ್ಟು ಆಮ್ಲಜನಕ ಉಳಿಯುವಂತೆ ಕೊಳಚೆಯ ಪ್ರಮಾಣವನ್ನು ಮಿತಿಗೊಳಿಸಿದರೆ ಆಯಿತು. ನೀರು ಎಷ್ಟನ್ನು ತಾಳಿಕೊಂಡೀತು ಎಂದು ಮುಂಚಿತವಾಗಿ ಹೇಳುವ ಗಣಿತ ಮಾದರಿಗಳಿಗೆ ಇದೇ ಅಡಿಗಲ್ಲು.

ಒಂದು ಕೊಲ್ಲಿಯ ಜಮಾಖರ್ಚು

ನದಿ ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲು ಹಾಗಲ್ಲ, ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ. ಇಳಿತದಲ್ಲಿ ಹೊರಗೆ ಹೋದ ಕೊಳೆಯಲ್ಲಿ ಒಂದಷ್ಟು ಉಬ್ಬರದಲ್ಲಿ ಹಿಂದಿರುಗುತ್ತದೆ. ಆದರೂ ಲೆಕ್ಕದ ತಿರುಳು ಸರಳವೇ. ಒಂದು ಉದಾಹರಣೆಯನ್ನು ನಾವೇ ಕಲ್ಪಿಸಿಕೊಳ್ಳೋಣ.

ಒಂದು ಕೊಲ್ಲಿಯಲ್ಲಿ ಒಂದು ಘನ ಕಿಲೋಮೀಟರ್ ನೀರಿದೆ ಎನ್ನಿ. ಅಂದರೆ ನೂರು ಕೋಟಿ ಘನ ಮೀಟರ್. ಉಬ್ಬರವಿಳಿತದಿಂದ ಪ್ರತಿದಿನ ಅದರ ನೂರಕ್ಕೆ 5 ಭಾಗ, ಎಂದರೆ 5 ಕೋಟಿ ಘನ ಮೀಟರ್, ಹೊರಗಿನ ಶುದ್ಧ ನೀರಿನೊಡನೆ ಅದಲುಬದಲಾಗುತ್ತದೆ. ಕೊಲ್ಲಿಯ ನೀರಿನಲ್ಲಿ ಸಾರಜನಕದ ಪ್ರಮಾಣ ಹೊರಗಿನದಕ್ಕಿಂತ ಘನ ಮೀಟರಿಗೆ 0.1 ಗ್ರಾಂನಷ್ಟು ಹೆಚ್ಚಾಗಬಹುದು, ಅದಕ್ಕೂ ಮೀರಬಾರದು ಎಂದು ನಾವು ತೀರ್ಮಾನಿಸಿದ್ದೇವೆ. ಹಾಗಿದ್ದರೆ ದಿನವೂ ಹೊರಗೆ ಹೋಗುವ ನೀರು 50 ಲಕ್ಷ ಗ್ರಾಂ, ಅಂದರೆ 5 ಟನ್ ಸಾರಜನಕವನ್ನು ಒಯ್ಯಬಲ್ಲದು. ನಾವು ದಿನಕ್ಕೆ ಸುರಿಯಬಹುದಾದದ್ದೂ ಅಷ್ಟೇ. ನೀರಿನ ವಿನಿಮಯ ನೂರಕ್ಕೆ 5ರ ಬದಲು 1 ಇದ್ದರೆ? ಆಗ ಮಿತಿ ಒಂದೇ ಟನ್ನಿಗೆ ಇಳಿಯುತ್ತದೆ. ಕೊಲ್ಲಿಯ ಬಾಯಿ ಕಿರಿದಾದಷ್ಟೂ ಅದರ ಹೊಟ್ಟೆ ಚಿಕ್ಕದು ಎಂದು ನೆನಪಿಡಿ.

ಗಣಕಯಂತ್ರದಲ್ಲಿ ಮಾಡುವ ದೊಡ್ಡ ಮಾದರಿಗಳೂ ಇದನ್ನೇ ಮಾಡುತ್ತವೆ. ಒಂದು ಕೊಲ್ಲಿಯನ್ನು ಸಾವಿರಾರು ಪುಟ್ಟ ಪೆಟ್ಟಿಗೆಗಳಾಗಿ ವಿಂಗಡಿಸಿ, ಒಂದೊಂದರ ಒಳಬರುವ ಮತ್ತು ಹೊರಹೋಗುವ ವಸ್ತುವಿನ ಲೆಕ್ಕವನ್ನು ಕ್ಷಣಕ್ಷಣಕ್ಕೂ ಇಡುತ್ತವೆ. ಗಾಳಿ, ಬಿಸಿಲು, ಉಪ್ಪು, ತಳದ ಕೆಸರು, ಪಾಚಿಯ ಬೆಳವಣಿಗೆ ಇವೆಲ್ಲ ಅದಕ್ಕೆ ಸೇರಿಕೊಳ್ಳುತ್ತವೆ. ಆದರೆ ನಮ್ಮ ಉದಾಹರಣೆಯಲ್ಲಿ ಒಂದು ಅಂಕಿಯನ್ನು ಕಡಲು ಹೇಳಲಿಲ್ಲ, ನಾವೇ ಇಟ್ಟುಕೊಂಡೆವು. 0.1 ಗ್ರಾಂ ಎಂಬುದು ಆ ಅಂಕಿ. ಅದನ್ನು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೆಕ್ಕ ಸೋತ ಊರು: ಮಿನಾಮಾಟ

ಜಮಾಖರ್ಚಿನ ಈ ಲೆಕ್ಕ ಎಲ್ಲ ಬಗೆಯ ಕೊಳೆಗೂ ಒಗ್ಗುವುದಿಲ್ಲ ಎಂಬುದನ್ನು ಜಗತ್ತು ಜಪಾನಿನ ಒಂದು ಮೀನುಗಾರರ ಊರಿನಿಂದ ಕಲಿಯಿತು. ಕ್ಯೂಶೂ ದ್ವೀಪದ ಪಶ್ಚಿಮ ತೀರದಲ್ಲಿರುವ ಮಿನಾಮಾಟದಲ್ಲಿ ಚಿಸ್ಸೊ ಎಂಬ ಕಂಪೆನಿಯ ರಾಸಾಯನಿಕ ಕಾರ್ಖಾನೆ ಇತ್ತು. 1932ರಿಂದ ಅದು ಪಾದರಸವನ್ನು ಕ್ರಿಯಾವರ್ಧಕವಾಗಿ ಬಳಸಿ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ತ್ಯಾಜ್ಯನೀರು ಮಿನಾಮಾಟ ಕೊಲ್ಲಿಗೆ ಹೋಗುತ್ತಿತ್ತು. 1950ರ ದಶಕದಲ್ಲಿ ಊರಿನ ಬೆಕ್ಕುಗಳು ಹುಚ್ಚುಹುಚ್ಚಾಗಿ ಕುಣಿದು ಸಾಯತೊಡಗಿದವು. ಆಮೇಲೆ ಮನುಷ್ಯರ ಸರದಿ. ಕೈಕಾಲು ಮರಗಟ್ಟುವುದು, ಮಾತು ತೊದಲುವುದು, ದೃಷ್ಟಿ ಕಿರಿದಾಗುವುದು, ಸೆಳವು, ಸಾವು. 1956ರ ಮೇ 1ರಂದು ಈ ಕಾಯಿಲೆಯ ಬಗ್ಗೆ ಆರೋಗ್ಯ ಇಲಾಖೆಗೆ ಅಧಿಕೃತ ವರದಿ ಹೋಯಿತು.

ಇದಾಗಿ ಎರಡು ವರ್ಷದ ಮೇಲೆ, 1958ರಲ್ಲಿ, ಕಾರ್ಖಾನೆ ತನ್ನ ತ್ಯಾಜ್ಯದ ದಾರಿಯನ್ನು ಬದಲಿಸಿತು. ಮುಚ್ಚಿದ ಕೊಲ್ಲಿಯ ಬದಲು ಮಿನಾಮಾಟ ನದಿಯ ಅಳಿವೆಗೆ ಬಿಡತೊಡಗಿತು. ಅಲ್ಲಿ ನೀರು ಹೆಚ್ಚು, ಹರಿವು ಹೆಚ್ಚು. ಬರೀ ತೆಳುಗೊಳಿಸುವ ಲೆಕ್ಕದಿಂದ ನೋಡಿದರೆ ಸುಧಾರಣೆ ಎನ್ನಿಸಬೇಕು. ಆದರೆ ಆದದ್ದೇನು? ಅದುವರೆಗೆ ಕಾಯಿಲೆ ಇಲ್ಲದಿದ್ದ ಅಳಿವೆಯ ಆಚೆಯ ಹಳ್ಳಿಗಳಲ್ಲೂ ರೋಗಿಗಳು ಕಾಣಿಸಿಕೊಂಡರು.

ಕಾರಣ ಹೀಗೆ. ಕೊಳಚೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ. ಪಾದರಸವನ್ನು ಯಾರೂ ತಿಂದು ಮುಗಿಸಲಾರರು. ಮೀಥೈಲ್ ಪಾದರಸದ ರೂಪದಲ್ಲಿ ಅದು ಮೊದಲು ತೇಲುವ ಸೂಕ್ಷ್ಮಜೀವಿಗಳ ಮೈ ಸೇರುತ್ತದೆ, ಅವನ್ನು ತಿಂದ ಸಣ್ಣ ಮೀನಿನಲ್ಲಿ ಇನ್ನಷ್ಟು, ಅದನ್ನು ತಿಂದ ದೊಡ್ಡ ಮೀನಿನಲ್ಲಿ ಮತ್ತಷ್ಟು ಶೇಖರವಾಗುತ್ತದೆ. ಮೀನಿನ ಮೈಯಲ್ಲಿ ಅದು ನೀರಿನಲ್ಲಿರುವುದಕ್ಕಿಂತ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಪಟ್ಟು ಇರಬಲ್ಲದು. ಕಡಲು ತೆಳುಗೊಳಿಸಿದ್ದನ್ನು ಆಹಾರ ಸರಪಳಿ ಮತ್ತೆ ಗಟ್ಟಿಗೊಳಿಸಿ ಬೆಸ್ತರ ತಟ್ಟೆಗೇ ತಂದಿಟ್ಟಿತು. 1959ರಲ್ಲೇ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸವೇ ಕಾರಣ ಎಂದು ಹೇಳಿದ್ದರು. ಸರ್ಕಾರ ಅದನ್ನು ಒಪ್ಪಿದ್ದು 1968ರಲ್ಲಿ, ಆ ಉತ್ಪಾದನೆ ನಿಂತ ಮೇಲೆ. ಕುಮಾಮೊಟೊ ಮತ್ತು ಕಾಗೊಶಿಮಾ ಪ್ರಾಂತಗಳಲ್ಲಿ 2,200ಕ್ಕೂ ಹೆಚ್ಚು ಜನ ಅಧಿಕೃತವಾಗಿ ರೋಗಿಗಳೆಂದು ಗುರುತಿಸಲ್ಪಟ್ಟರು.

ಹೀಗಾಗಿ ಯಾವ ಮಾದರಿಯನ್ನೇ ಕಟ್ಟಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ವಸ್ತು ಕಡಲಿಗೆ ಅರಗುವಂಥದ್ದೆ, ಅಲ್ಲವೆ? ಅರಗದ ವಿಷಕ್ಕೆ "ಎಷ್ಟು ಸುರಿಯಬಹುದು" ಎಂದು ಕೇಳುವುದೇ ತಪ್ಪು.

ಕಾರ್ಖಾನೆಯ ಛಾವಣಿಯ ಕೆಳಗೊಂದು ಕಡಲು

ಅರಗುವ ವಸ್ತುವಿನ ಕಥೆಗೆ ಈಗ ಬರೋಣ. ಅದೂ ಜಪಾನಿನದೇ, ಆದರೆ ಬೇರೆ ಕಡಲು. ಹೋನ್ಶು, ಶಿಕೋಕು, ಕ್ಯೂಶೂ ಎಂಬ ಮೂರು ದ್ವೀಪಗಳ ನಡುವೆ ಸಿಕ್ಕಿಕೊಂಡಿರುವ ಸೆಟೊ ಒಳಗಡಲಿನ ವಿಸ್ತೀರ್ಣ ಸುಮಾರು 23,000 ಚದರ ಕಿಲೋಮೀಟರ್. ಸರಾಸರಿ ಆಳ ಬರೀ 38 ಮೀಟರ್. ಒಳಗೆ ಏಳುನೂರಕ್ಕೂ ಹೆಚ್ಚು ದ್ವೀಪಗಳು. ಹೊರಗಿನ ಮಹಾಸಾಗರಕ್ಕೆ ಕೆಲವೇ ಕಿರಿದಾದ ಬಾಗಿಲುಗಳು. 1934ರಲ್ಲಿ ಜಪಾನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನಗಳನ್ನು ಘೋಷಿಸಿದಾಗ ಇದರ ಸೊಬಗೂ ಆ ಪಟ್ಟಿಯಲ್ಲಿತ್ತು.

ಎರಡನೆಯ ಮಹಾಯುದ್ಧದ ನಂತರ ಇದೇ ತೀರದಲ್ಲಿ ಉಕ್ಕು, ಪೆಟ್ರೋಲಿಯಂ, ಕಾಗದದ ಕಾರ್ಖಾನೆಗಳು ಸಾಲಾಗಿ ಎದ್ದವು. ಒಳಗಡಲಿಗೆ ನೀರು ಹರಿದುಬರುವ ಪ್ರದೇಶದಲ್ಲಿ ಸುಮಾರು ಮೂರು ಕೋಟಿ ಜನರ ವಾಸ. ಅವರ ಮನೆಗಳ ಕೊಳಚೆ, ಬಟ್ಟೆ ಒಗೆಯುವ ಪುಡಿಯಲ್ಲಿದ್ದ ರಂಜಕ, ಹೊಲಗಳ ಗೊಬ್ಬರದ ಸಾರಜನಕ ಎಲ್ಲವೂ ಕಡಲಿಗೆ ಇಳಿದವು. ಸಾರಜನಕ ಮತ್ತು ರಂಜಕ ಗಿಡಗಳಿಗೆ ಆಹಾರವಷ್ಟೆ. ಕಡಲಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಅದನ್ನು ತಿಂದು ಕೊಬ್ಬಿದವು. ನೀರು ಕೆಂಪಗೆ, ಕಂದುಬಣ್ಣಕ್ಕೆ ತಿರುಗಿತು. ಜಪಾನೀಯರು ಇದನ್ನು ಅಕಾಶಿಯೊ, ಅಂದರೆ ಕೆಂಪು ಉಬ್ಬರ, ಎನ್ನುತ್ತಾರೆ. 1972ರ ಬೇಸಿಗೆಯಲ್ಲಿ ಹರಿಮಾ ನಾಡಾ ಎಂಬ ಭಾಗದಲ್ಲಿ ಅದು ಅತಿಯಾಗಿ ಎದ್ದಾಗ, ಬಲೆಪಂಜರಗಳಲ್ಲಿ ಸಾಕಿದ್ದ 1 ಕೋಟಿ 40 ಲಕ್ಷ ಹಮಾಚಿ ಮೀನುಗಳು ಸತ್ತು ತೇಲಿದವು. ನಷ್ಟ 710 ಕೋಟಿ ಯೆನ್. ಸಾಲ ಮಾಡಿ ಮರಿ ತಂದು ಸಾಕಿದ್ದವರ ಗತಿ ಏನಾಗಿರಬೇಕು ಊಹಿಸಿ.

ಮರುವರ್ಷವೇ, 1973ರಲ್ಲಿ, ಈ ಕಡಲಿಗೆಂದೇ ಒಂದು ತಾತ್ಕಾಲಿಕ ಕಾನೂನು ಬಂತು. ಕಾರ್ಖಾನೆಗಳು ಬಿಡುವ ಸಾವಯವ ಕೊಳೆಯನ್ನು ಮೂರು ವರ್ಷದೊಳಗೆ 1972ರ ಅರ್ಧಕ್ಕೆ ಇಳಿಸಬೇಕು ಎಂಬುದು ಅದರ ಗುರಿ.

ಅದೇ ವರ್ಷ ಹಿರೋಶಿಮಾದ ಹತ್ತಿರದ ಕುರೆ ನಗರದಲ್ಲಿ ಒಂದು ಅಪರೂಪದ ಪ್ರಯೋಗಶಾಲೆ ಸಿದ್ಧವಾಯಿತು. ದೂರದರ್ಶನದವನಾದ ನನಗೆ ಈ ಕಥೆಯಲ್ಲಿ ಅತ್ಯಂತ ಮೆಚ್ಚಿನ ದೃಶ್ಯ ಇದು. ದೊಡ್ಡ ಕಾರ್ಖಾನೆಯಂಥ ಛಾವಣಿಯ ಕೆಳಗೆ ಇಡೀ ಸೆಟೊ ಒಳಗಡಲಿನ ಪ್ರತಿರೂಪವನ್ನೇ ಕಟ್ಟಿ ನೀರು ತುಂಬಿದ್ದರು. ಉದ್ದಗಲದಲ್ಲಿ ಎರಡು ಸಾವಿರಕ್ಕೆ ಒಂದು, ಆಳದಲ್ಲಿ 160ಕ್ಕೆ ಒಂದು ಅಳತೆ. ಹಾಗೆಂದರೆ 38 ಮೀಟರ್ ಆಳದ ಕಡಲು ಅಲ್ಲಿ ಒಂದು ಗೇಣಿಗಿಂತ ತುಸು ಹೆಚ್ಚು ಆಳ! ಬಾಗಿಲುಗಳ ಬಳಿ ಯಂತ್ರಗಳು ಉಬ್ಬರವಿಳಿತ ಎಬ್ಬಿಸುತ್ತಿದ್ದವು. ಅಳತೆ ಕುಗ್ಗಿದಂತೆ ಕಾಲವೂ ಕುಗ್ಗುತ್ತದೆ. ನಿಜವಾದ ಕಡಲಿನಲ್ಲಿ ಹನ್ನೆರಡೂವರೆ ಗಂಟೆ ಹಿಡಿಯುವ ಒಂದು ಉಬ್ಬರವಿಳಿತ ಅಲ್ಲಿ ಸುಮಾರು ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಒಂದು ವರ್ಷ 2.3 ದಿನಗಳಲ್ಲಿ. ಒಂದು ಮೂಲೆಯಲ್ಲಿ ಬಣ್ಣ ಬಿಟ್ಟು ಅದು ಎಲ್ಲಿ ಹರಡುತ್ತದೆ, ಎಲ್ಲಿ ಸುಳಿಯಲ್ಲಿ ಸಿಕ್ಕಿ ಸುತ್ತುತ್ತದೆ, ಎಷ್ಟು ಕಾಲಕ್ಕೆ ಹೊರಗೆ ಹೋಗುತ್ತದೆ ಎಂದು ವಿಜ್ಞಾನಿಗಳು ನೋಡಿದರು. ನಮ್ಮ ಸ್ಟುಡಿಯೋದ ಗಾಜಿನ ತೊಟ್ಟಿಯ ದೊಡ್ಡಣ್ಣ ಎನ್ನಿ. ಅಲೆ ಜೋರಾಗಿ ಹೊಡೆಯುತ್ತದೆ, ಸುಳಿ ರಭಸವಾಗಿ ತಿರುಗುತ್ತದೆ ಎಂದಮಾತ್ರಕ್ಕೆ ಒಳಗಡಲಿನ ನೀರು ಬೇಗ ಹೊಸದಾಗುವುದಿಲ್ಲ. ಬಹುಪಾಲು ನೀರು ಬದಲಾಗಲು ವರ್ಷಕ್ಕೂ ಮೀರಿದ ಕಾಲ ಬೇಕು.

ಸಾಂದ್ರತೆ ಸಾಲದು, ಒಟ್ಟು ಮೊತ್ತ ಬೇಕು

ಅಲ್ಲಿಯವರೆಗಿನ ಕಾನೂನುಗಳು ಸಾಂದ್ರತೆಯನ್ನಷ್ಟೇ ನೋಡುತ್ತಿದ್ದವು: ಲೀಟರಿಗೆ ಇಷ್ಟು ಮಿಲಿಗ್ರಾಂ ಮೀರಬೇಡ ಎಂದು. ಇದರಲ್ಲೊಂದು ಕಂಡಿ ಇತ್ತು. ಕೊಳಕು ನೀರಿಗೆ ಒಳ್ಳೆಯ ನೀರು ಬೆರೆಸಿ ಬಿಟ್ಟರೆ ಸಾಂದ್ರತೆ ಇಳಿಯುತ್ತದೆ, ಕಡಲಿಗೆ ಬೀಳುವ ಕೊಳೆ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ಹತ್ತು ಕಾರ್ಖಾನೆ ಇದ್ದಲ್ಲಿ ನೂರು ಬಂದರೂ ಪ್ರತಿಯೊಂದೂ ನಿಯಮ ಪಾಲಿಸಿದ ಹಾಗೆಯೇ ಇರುತ್ತದೆ, ಕಡಲು ಮಾತ್ರ ಸಾಯುತ್ತದೆ.

1978ರಲ್ಲಿ ಜಪಾನ್ ಈ ಕಂಡಿಯನ್ನು ಮುಚ್ಚಿತು. ಟೋಕಿಯೋ ಕೊಲ್ಲಿ, ಇಸೆ ಕೊಲ್ಲಿ ಮತ್ತು ಸೆಟೊ ಒಳಗಡಲು ಈ ಮೂರಕ್ಕೆ ಒಟ್ಟು ಹೊರೆಯ ನಿಯಂತ್ರಣ ಎಂಬ ಪದ್ಧತಿ ತಂದಿತು. ಕಡಲಿಗೆ ದಿನಕ್ಕೆ ಒಟ್ಟು ಇಷ್ಟು ಟನ್ ಎಂದು ಮೊದಲು ನಿಗದಿ. ಅದನ್ನು ಪ್ರಾಂತಗಳಿಗೆ ಹಂಚಿಕೆ. ಅಲ್ಲಿಂದ ಮುಂದೆ ದಿನಕ್ಕೆ 50 ಘನ ಮೀಟರಿಗೂ ಹೆಚ್ಚು ತ್ಯಾಜ್ಯನೀರು ಬಿಡುವ ಕಾರ್ಖಾನೆಗಳಿಗೆ ಮಿತಿ. ಒಟ್ಟು ಕುಟುಂಬದ ಯಜಮಾನ ಕಣಜ ನೋಡಿ ಅಕ್ಕಿ ಅಳೆದು ಕೊಟ್ಟ ಹಾಗೆ. ಸೆಟೊ ಒಳಗಡಲಿಗೆ ಬೀಳುವ ಸಾವಯವ ಕೊಳೆಯನ್ನು ಸಿ.ಓ.ಡಿ. ಎಂಬ ಮಾನದಲ್ಲಿ ಅಳೆದರೆ 1979ರಲ್ಲಿ ಅದು ದಿನಕ್ಕೆ ಸುಮಾರು 1,000 ಟನ್ ಇತ್ತು. ಮೂರು ದಶಕಗಳಲ್ಲಿ ಅದು ಅರ್ಧಕ್ಕೂ ಕೆಳಗೆ ಬಂತು. 2001ರ ಹೊತ್ತಿಗೆ ಸಾರಜನಕ, ರಂಜಕಗಳೂ ಈ ಪದ್ಧತಿಗೆ ಸೇರಿದವು.

ಇದು ಸರ್ಕಾರವೊಂದರ ಕೆಲಸವಲ್ಲ. ಕ್ಯೋಟೋ ಸಮೀಪದ ಬೀವಾ ಸರೋವರದ ನೀರು ಯೋಡೊ ನದಿಯ ಮೂಲಕ ಒಳಗಡಲಿನ ಒಸಾಕಾ ಕೊಲ್ಲಿಗೆ ಬೀಳುತ್ತದೆ. 1977ರಲ್ಲಿ ಆ ಸರೋವರದಲ್ಲೂ ಕೆಂಪು ಉಬ್ಬರ ಕಾಣಿಸಿಕೊಂಡಿತು. ಅಲ್ಲಿನ ಗೃಹಿಣಿಯರು ರಂಜಕವಿದ್ದ ಬಟ್ಟೆ ಪುಡಿಯನ್ನು ಬಿಟ್ಟು ಸಾಬೂನು ಬಳಸುವ ಚಳವಳಿಯನ್ನೇ ನಡೆಸಿದರು. 1979ರಲ್ಲಿ ಶಿಗಾ ಪ್ರಾಂತ ಅಂಥ ಪುಡಿಗಳ ಮಾರಾಟವನ್ನೂ ಬಳಕೆಯನ್ನೂ ನಿಷೇಧಿಸಿತು. ಸೆಟೊ ಒಳಗಡಲಿನಲ್ಲಿ 1976ರಲ್ಲಿ 299 ಸಲ ಕಂಡಿದ್ದ ಕೆಂಪು ಉಬ್ಬರ, ಮುಂದೆ ವರ್ಷಕ್ಕೆ ನೂರರ ಆಸುಪಾಸಿಗೆ ಇಳಿಯಿತು. ಇಳಿಯಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ತಳದ ಕೆಸರಿನಲ್ಲಿ ಸೇರಿಕೊಂಡಿದ್ದ ಹಳೆಯ ರಂಜಕ, ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗಲೆಲ್ಲ ಮತ್ತೆ ಮೇಲೆದ್ದು ಬರುತ್ತದೆ. ಹಳೆಯ ಸಾಲಕ್ಕೆ ಬಡ್ಡಿ ತೀರಿಸಿದ ಹಾಗೆ.

ಟೈಟ್ರೇಷನ್ನಿನ ಬಣ್ಣ ತಿರುಗುವ ಗಳಿಗೆ

ಜಪಾನಿನಲ್ಲಿ ಇದು ನಡೆಯುತ್ತಿದ್ದಾಗಲೇ ವಿಜ್ಞಾನಿಗಳ ಲೋಕದಲ್ಲಿ ಒಂದು ದೊಡ್ಡ ವಾದ ಎದ್ದಿತು. 1979ರಲ್ಲಿ ಅಮೆರಿಕದ ಕ್ರಿಸ್ಟಲ್ ಮೌಂಟನ್ ಎಂಬಲ್ಲಿ ಸಾಗರವಿಜ್ಞಾನಿಗಳ ಸಭೆ ನಡೆಯಿತು. ಅದರ ಮುಂದಾಳು ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ಸಾಗರ ರಸಾಯನವಿಜ್ಞಾನಿ. ಒಪ್ಪಲಾಗದ ಜೈವಿಕ ಪರಿಣಾಮ ಉಂಟಾಗದಂತೆ ಒಂದು ಕಡಲಪ್ರದೇಶ ಎಷ್ಟು ವಸ್ತುವನ್ನು ಒಳಗೊಳ್ಳಬಲ್ಲದೋ ಅದೇ ಅದರ ಸಾಮರ್ಥ್ಯ ಎಂದು ಆ ಸಭೆ ಹೇಳಿತು. ಇದನ್ನು ವಿವರಿಸಲು ಬಳಸಿದ ಹೋಲಿಕೆ ನಿಮಗೆ ಚೆನ್ನಾಗಿ ಗೊತ್ತಿರುವುದೇ: ಟೈಟ್ರೇಷನ್. ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತಾ ಫ್ಲಾಸ್ಕಿನ ಬಣ್ಣ ತಿರುಗಿದ ಕೂಡಲೇ ನಿಲ್ಲಿಸುತ್ತೇವಲ್ಲ, ಹಾಗೆಯೇ ಕಡಲಿನಲ್ಲೂ ಅಂತ್ಯಬಿಂದುವೊಂದನ್ನು ಗುರುತಿಸಿ, ಅದಕ್ಕೆ ಮೊದಲೇ ಕೈ ನಿಲ್ಲಿಸಬೇಕು. 1986ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಜಂಟಿ ತಜ್ಞಮಂಡಳಿಯೂ ಪರಿಸರದ ಧಾರಣಾಶಕ್ತಿಯ ಬಗ್ಗೆ ವರದಿಯೊಂದನ್ನು ಹೊರತಂದಿತು.

ವಿರೋಧಿಸಿದವರೂ ಇದ್ದರು. ಪ್ರಯೋಗಶಾಲೆಯಲ್ಲಿ ಒಂದು ಹನಿ ಹೆಚ್ಚಾದರೆ ಫ್ಲಾಸ್ಕು ತೊಳೆದು ಮತ್ತೆ ಮಾಡುತ್ತೇವೆ. ಕಡಲಿನಲ್ಲಿ ಬಣ್ಣ ತಿರುಗಿದ ಮೇಲೆ ನಿಲ್ಲಿಸಿದರೆ ಏನು ಫಲ? ಸಾಮರ್ಥ್ಯ ಇದೆ ಎಂದೊಡನೆ ಅದನ್ನು ತುಂಬುವವರೆಗೆ ಸುರಿಯಲು ಪರವಾನಗಿ ಕೊಟ್ಟಂತಾಗುವುದಿಲ್ಲವೆ? ಈ ಆಕ್ಷೇಪಕ್ಕೂ ಬೆಲೆ ಬಂತು. 1987ರಲ್ಲಿ ಲಂಡನ್ನಿನಲ್ಲಿ ಸೇರಿದ ಉತ್ತರ ಸಮುದ್ರದ ದೇಶಗಳು, ಕರಗದೆ ಉಳಿಯುವ ವಿಷಗಳ ವಿಷಯದಲ್ಲಿ ಹಾನಿಯ ಪೂರ್ಣ ಪುರಾವೆಗೆ ಕಾಯದೆ ಮುನ್ನೆಚ್ಚರಿಕೆ ವಹಿಸಬೇಕು ಎಂದು ಒಪ್ಪಿದವು. 1992ರ ರಿಯೊ ಶೃಂಗಸಭೆಯ ಘೋಷಣೆಯಲ್ಲೂ ಈ ತತ್ತ್ವ ಸೇರಿತು.

ನನ್ನ ಮಟ್ಟಿಗೆ ಈ ವಾದದ ತಿರುಳು "ಒಪ್ಪಲಾಗದ" ಎಂಬ ಒಂದೇ ಪದದಲ್ಲಿದೆ. ಯಾರಿಗೆ ಒಪ್ಪಲಾಗದ? ನಮ್ಮ ಉದಾಹರಣೆಯ 0.1 ಗ್ರಾಂ ನೆನಪಿದೆಯಷ್ಟೆ. ಈಜಲು ಬಂದವರಿಗೆ ಬೇಕಾದ ಅಂಕಿ ಒಂದು, ಸಿಂಪಿ ಬೆಳೆಸುವವನಿಗೆ ಇನ್ನೊಂದು, ಕಾರ್ಖಾನೆಗೆ ಮತ್ತೊಂದು. ಆ ಅಂಕಿಯನ್ನು ಕೊಟ್ಟ ಮೇಲಷ್ಟೇ ಮಾದರಿ ಕೆಲಸ ಆರಂಭಿಸುತ್ತದೆ.

ತೀರಾ ಶುಭ್ರವಾದ ಕಡಲು

ಇದಕ್ಕೆ ಸೆಟೊ ಒಳಗಡಲೇ ಕೊಟ್ಟ ಸಾಕ್ಷ್ಯ ಈ ಕಥೆಯ ತಿರುವು. ಅಲ್ಲಿನ ಬೆಸ್ತರು ಚಳಿಗಾಲದಲ್ಲಿ ನೋರಿ ಎಂಬ ಕಡಲಪಾಚಿಯನ್ನು ಬಲೆಗಳ ಮೇಲೆ ಬೆಳೆಸುತ್ತಾರೆ. ಒಣಗಿಸಿದ ಕಪ್ಪು ಹಾಳೆಯಾಗಿ ಅನ್ನಕ್ಕೆ ಸುತ್ತಿ ತಿನ್ನುವ ಪದಾರ್ಥ ಅದು. ನೀರು ಶುಭ್ರವಾಗುತ್ತಾ ಹೋದಂತೆ ನೋರಿ ಬಣ್ಣಗೆಟ್ಟು ಬಿಳಿಚಿಕೊಂಡಿತು. ಪೇಟೆಯಲ್ಲಿ ಬೆಲೆ ಸಿಗಲಿಲ್ಲ. ಕಾರಣ ಸಾರಜನಕದ ಕೊರತೆ. ಇಕಾನಾಗೊ ಎಂಬ ಬೆರಳುದ್ದದ ಮೀನೂ ಬಲೆಗೆ ಬೀಳುವುದು ಕಡಿಮೆಯಾಯಿತು. ಅತಿಯಾದರೆ ಅಮೃತವೂ ವಿಷ ಎನ್ನುತ್ತೇವೆ. ಅತಿಯಾಗಿ ಕಡಿಮೆಯಾದರೂ ತೊಂದರೆಯೇ. ಒಂದು ಕಾಲಕ್ಕೆ ಕೊಳೆಯ ವಿರುದ್ಧ ಹೋರಾಡಿದ್ದ ಬೆಸ್ತರ ಸಮುದಾಯದಿಂದಲೇ, ಚಳಿಗಾಲದಲ್ಲಿ ಕೊಳಚೆ ಶುದ್ಧೀಕರಣ ಘಟಕಗಳು ಸ್ವಲ್ಪ ಸಾರಜನಕವನ್ನು ಕಡಲಿಗೆ ಬಿಡಲಿ ಎಂಬ ಬೇಡಿಕೆ ಬಂತು.

2015ರಲ್ಲಿ ಕಾನೂನಿನ ತಿದ್ದುಪಡಿಯಾಗಿ, ಬರೀ ಶುಭ್ರವಾದ ಕಡಲಲ್ಲ, ಸಮೃದ್ಧವಾದ ಕಡಲು ಬೇಕು ಎಂಬುದು ಗುರಿಯಾಯಿತು. 2019ರಲ್ಲಿ ಹ್ಯೋಗೊ ಪ್ರಾಂತ ಒಂದು ಹೊಸ ಹೆಜ್ಜೆ ಇಟ್ಟಿತು. ಮೇಲಿನ ಮಿತಿಯ ಜೊತೆಗೆ ಕೆಳಗಿನ ಮಿತಿಯನ್ನೂ ನಿಗದಿಪಡಿಸಿತು. ಅಲ್ಲಿನ ಕಡಲಿನ ಬಹುಭಾಗಕ್ಕೆ ಅನ್ವಯಿಸುವ ಮಾನದಂಡದಂತೆ ಸಾರಜನಕ ಲೀಟರಿಗೆ 0.3 ಮಿಲಿಗ್ರಾಂ ಮೀರಬಾರದು. ಹೊಸ ಗುರಿಯಂತೆ 0.2ಕ್ಕಿಂತ ಕೆಳಗೂ ಇಳಿಯಬಾರದು. ರಂಜಕಕ್ಕೆ 0.03 ಮತ್ತು 0.02. 2021ರಲ್ಲಿ ದೇಶದ ಕಾನೂನೇ ಪ್ರಾಂತಗಳಿಗೆ ಪೋಷಕಾಂಶಗಳನ್ನು ಹದವಾಗಿ ನಿರ್ವಹಿಸುವ ಅವಕಾಶ ಕೊಟ್ಟಿತು. ಮೀನು ಕಡಿಮೆಯಾಗಲು ಇದೊಂದೇ ಕಾರಣವಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರೆ. ತೀರವನ್ನು ಮಣ್ಣು ತುಂಬಿ ಮುಚ್ಚಿದಾಗ ಮರಿಮೀನುಗಳ ತೊಟ್ಟಿಲಾಗಿದ್ದ ಕಡಲಹುಲ್ಲಿನ ಬಯಲುಗಳು ನಾಶವಾದವು, ನೀರು ಬಿಸಿಯಾಗುತ್ತಿದೆ ಎಂಬುದನ್ನು ಅವರು ನೆನಪಿಸುತ್ತಾರೆ. ಚರ್ಚೆ ಮುಗಿದಿಲ್ಲ. ಆದರೆ 0.2 ಮತ್ತು 0.3ರ ನಡುವಿನ ಆ ಸಣ್ಣ ಅಂತರವನ್ನು ನೋಡಿ. ಅರ್ಧ ಶತಮಾನದ ಅಳತೆ, ಮೀನುಗಳ ಮಾರಣಹೋಮ, ಬೆಸ್ತರ ಬದುಕು ಎಲ್ಲವೂ ಆ ಎರಡು ಅಂಕಿಗಳ ನಡುವೆ ಇವೆ.

ನಮ್ಮ ಕಡಲಿಗೆ ನಮ್ಮ ಲೆಕ್ಕ

ಹಾಗೆಂದು ಈ ಅಂಕಿಗಳನ್ನು ತಂದು ಕಾರವಾರಕ್ಕೋ ಮಂಗಳೂರಿಗೋ ಅಂಟಿಸಲಾಗದು. ನಮ್ಮ ಕರಾವಳಿ ಮುಚ್ಚಿದ ಕೊಲ್ಲಿಯಲ್ಲ, ಅರಬ್ಬೀ ಸಮುದ್ರಕ್ಕೆ ತೆರೆದ ಬಾಗಿಲು. ಹಾಗಿದ್ದರೆ ಭಯವಿಲ್ಲ ಎನ್ನುವಿರಾ? ತಾಳಿ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ತೀರದಲ್ಲಿ ಆಳದ ತಣ್ಣೀರು ಮೇಲೇರಿ ತೀರದ ಹತ್ತಿರಕ್ಕೆ ಬರುತ್ತದೆ. ಅದರಲ್ಲಿ ಪೋಷಕಾಂಶ ಹೇರಳ, ಆಮ್ಲಜನಕ ಮಾತ್ರ ಅತಿ ಕಡಿಮೆ. ಮಳೆಯ ಮತ್ತು ಹೊಳೆಗಳ ಸಿಹಿನೀರು ಅದರ ಮೇಲೆ ಮುಚ್ಚಳದಂತೆ ಕೂರುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯುವುದೂ ಕಷ್ಟ. ಮಳೆಗಾಲದ ಕೊನೆಯ ಹೊತ್ತಿಗೆ ಕೆಲವೆಡೆ ತಳದ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಎಸ್. ಡಬ್ಲ್ಯು. ಎ. ನಖ್ವಿ ಅವರ ನೇತೃತ್ವದಲ್ಲಿ, ಈ ಸ್ಥಿತಿ ತೀವ್ರವಾಗುತ್ತಿರುವುದನ್ನು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು.

ಇದರ ಅರ್ಥವೇನು? ವರ್ಷದ ಕೆಲವು ತಿಂಗಳು ನಮ್ಮ ಕಡಲಿನ ಖಾತೆಯಲ್ಲಿ ಆಮ್ಲಜನಕದ ಜಮೆ ಮೊದಲೇ ತೀರಿರುತ್ತದೆ. ಜನವರಿಯ ಶಾಂತ, ತಿಳಿಯಾದ ಕಡಲಿನಲ್ಲಿ ಅಳತೆ ಮಾಡಿ ಇಷ್ಟು ಅರಗೀತು ಎಂದು ಲೆಕ್ಕ ಹಾಕಿದರೆ, ಸೆಪ್ಟೆಂಬರಿನಲ್ಲಿ ಆ ಲೆಕ್ಕ ತಪ್ಪುತ್ತದೆ. ತೀರದ ಕೈಗಾರಿಕೆಗಳ ಕೊಳವೆಗಳು ಸಂಸ್ಕರಿಸಿದ ನೀರನ್ನು ಕಡಲಿಗೆ ಬಿಡುವುದು ಮಂಗಳೂರಿನವರಿಗೆ ಗೊತ್ತಿರುವ ಸಂಗತಿ. ಅಂಥ ಯೋಜನೆಯೊಂದರ ಪರಿಸರ ವರದಿ ಎಂದಾದರೂ ನಿಮ್ಮ ಕೈಗೆ ಬಂದರೆ, ಅದರಲ್ಲಿ ಮಾದರಿ ಎಂಬ ಪದ ಕಂಡೊಡನೆ ಬೆದರಬೇಡಿ. ನಾಲ್ಕು ಪ್ರಶ್ನೆ ಕೇಳಿ. ಈ ವಸ್ತು ಅರಗುವಂಥದ್ದೆ? ಅಳತೆ ಮಾಡಿದ್ದು ಯಾವ ತಿಂಗಳಲ್ಲಿ? ಇದೊಂದೇ ಕೊಳವೆಯ ಲೆಕ್ಕವೆ, ಅಥವಾ ಎಲ್ಲ ಕೊಳವೆಗಳ ಮತ್ತು ಹೊಳೆಗಳ ಒಟ್ಟು ಲೆಕ್ಕವೆ? ಇಷ್ಟಾದರೆ ಪರವಾಗಿಲ್ಲ ಎಂಬ ಅಂಕಿಯನ್ನು ನಿರ್ಧರಿಸಿದವರು ಯಾರು, ಆಗ ಮೀನು ಹಿಡಿಯುವವರನ್ನು ಕೇಳಿದ್ದರೆ?

ಚಿತ್ರೀಕರಣ ಮುಗಿದ ಮೇಲೆ ದೀಪ ಹಿಡಿದಿದ್ದ ಆ ಹುಡುಗನೇ ತೊಟ್ಟಿಯ ನೀಲಿ ನೀರನ್ನು ಬಕೆಟ್ಟಿನಲ್ಲಿ ಎತ್ತಿಕೊಂಡು ಹೊರಟ. "ಎಲ್ಲಿ ಚೆಲ್ಲಲಿ ಸಾರ್?" ಎಂದು ಬಾಗಿಲಲ್ಲಿ ನಿಂತು ಕೇಳಿದ. ಎರಡು ಗಂಟೆ ಇದೇ ವಿಷಯ ಮಾತಾಡಿದ್ದ ನಮಗೆ ಒಂದು ಕ್ಷಣ ಉತ್ತರ ಹೊಳೆಯಲಿಲ್ಲ.